ಮ್ಯಾಗ್ನಮ್ ತೋಟಾಕ್ಕೆ ಯಾವ ಪ್ರೈಮರ್, ಯಾವ ಪೌಡರ್?

ಪ್ರಶ್ನೆ: ನಾನು ಅಮೆರಿಕದ ಅರಿಜೋನಾದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದೆ. .38 ಸ್ಪೆಷಲ್ ತೋಟಾಗಳನ್ನು ಮನೆಯಲ್ಲೇ ಲೋಡ್ ಮಾಡಿ ಅಭ್ಯಾಸವಿದೆ. ಈಗ ಅದಕ್ಕಿಂತ ಜೋರಾದ .357 ಮ್ಯಾಗ್ನಮ್ ಮತ್ತು .44 ಮ್ಯಾಗ್ನಮ್ ಶುರು ಮಾಡಬೇಕು ಅಂತಿದ್ದೇನೆ. ಒಂದು ಡಬ್ಬಿ ಡಬ್ಲ್ಯೂ231 ಪೌಡರ್, ಒಂದು ಡಬ್ಬಿ ಎಚ್110 ಪೌಡರ್, ಮತ್ತೆ ಸಾಮಾನ್ಯ ಸ್ಮಾಲ್ ಪಿಸ್ಟಲ್ ಪ್ರೈಮರ್ ನನ್ನ ಹತ್ತಿರ ಇವೆ. ಮ್ಯಾಗ್ನಮ್ ಪ್ರೈಮರ್ ಬೇಕೇ ಬೇಕಾ? ಸಿಗದಿದ್ದರೆ ರೈಫಲ್ ಪ್ರೈಮರ್ ಹಾಕಬಹುದಾ? ಮೊದಲಿಗೆ ಹುಷಾರಾಗಿರಲಿ ಅಂತ ಎಚ್110 ಅನ್ನು ಕಡಿಮೆ ಹಾಕಿ ಶುರು ಮಾಡಲಾ? ಕೊನೆಯದು, ಊರಿಗೆ ಬರುವಾಗ ಅಣ್ಣನಿಗೆ ತೋರಿಸಲು ಒಂದೆರಡು ಖಾಲಿ ಕೇಸ್ ತರಬಹುದಾ?

ಉತ್ತರ: ಹೊಸಬರಿಗಾಗಿ ಒಂದು ಮಾತು. ತೋಟಾದ ಹಿತ್ತಾಳೆ ಕೋಶ ಕೇಸ್, ಅದರ ತಳದಲ್ಲಿ ಏಟಿಗೆ ಸಿಡಿದು ಬೆಂಕಿ ಹಚ್ಚುವ ಪುಟ್ಟ ಲೋಹದ ಬಟ್ಟಲು ಪ್ರೈಮರ್, ಒಳಗಿನ ಮದ್ದು ಪೌಡರ್. ಇವನ್ನು ಬುಲೆಟ್ ಜೊತೆ ಅಳತೆಯಂತೆ ಸೇರಿಸಿದ್ದೇ ಲೋಡ್. ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಪಾಯ ಇರುವುದು ಅಲ್ಲೇ. ಎಚ್110 ಅನ್ನು ನಿಮ್ಮ ಅಂದಾಜಿನಲ್ಲಿ ಕಡಿಮೆ ಹಾಕಬೇಡಿ.

.38 ಲೋಡ್ ಮಾಡಿ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಮದ್ದು ಕಡಿಮೆಯಾದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಕ್ಷೇಮ, ಅಲ್ವಾ? ಬೇಗ ಉರಿಯುವ ಪೌಡರ್‌ಗಳ ಮಟ್ಟಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಎಚ್110ಕ್ಕೆ ಸರಿಯಲ್ಲ. ಅದನ್ನು ಮಾರುವ ಹಾಡ್ಜ್‌ಡನ್ ಕಂಪನಿಯೇ ಪ್ರಕಟಿಸಿದ ಲೋಡ್‌ಗಿಂತ ಶೇ. 3ಕ್ಕಿಂತ ಜಾಸ್ತಿ ಇಳಿಸಬೇಡಿ ಎಂದು ಹೇಳುತ್ತದೆ. ಬೇರೆ ಪೌಡರ್‌ಗಳಲ್ಲಿ ಗರಿಷ್ಠದಿಂದ ಶೇ. 10 ಇಳಿಸಿ ಶುರು ಮಾಡಿ ಎಂಬುದು ಎಲ್ಲರೂ ಹೇಳುವ ಪಾಠ. ಅದೇ ಪಾಠ ಇಲ್ಲಿ ನಿಮ್ಮನ್ನು ತೊಂದರೆಗೆ ಸಿಕ್ಕಿಸುತ್ತದೆ.

ಯಾಕೆ ಹೀಗೆ? ಎಚ್110 ಒಂದು ಬಾಲ್ ಪೌಡರ್. ಸಣ್ಣ ಸಣ್ಣ ಗುಂಡಗಿನ ಕಾಳು. ನೈಟ್ರೋಸೆಲ್ಯುಲೋಸ್ ಜೊತೆ ನೈಟ್ರೋಗ್ಲಿಸರಿನ್ ಸೇರಿಸಿ ಮಾಡಿದ್ದು. ಮೇಲೆ ಉರಿ ನಿಧಾನ ಮಾಡುವ ಲೇಪ ಇರುತ್ತದೆ. ಆ ಲೇಪದಿಂದಾಗಿಯೇ ಅದಕ್ಕೆ ಬೇಗ ಬೆಂಕಿ ಹತ್ತುವುದಿಲ್ಲ. ಹತ್ತಿದ ಮೇಲೂ ಸರಿಯಾಗಿ ಉರಿಯಬೇಕಾದರೆ ಸುತ್ತ ಒತ್ತಡ ಬೇಕು. ಬಚ್ಚಲೊಲೆಗೆ ಹಸಿ ಸೌದೆ ಹಾಕಿದ ಹಾಗೆ. ಒಣ ಸೋಗೆಗೆ ಒಂದು ಕಡ್ಡಿ ಗೀರಿದರೆ ಸಾಕು, ಹಸಿ ಸೌದೆಗೆ ಜೋರು ಬೆಂಕಿಯೂ ಬೇಕು, ಅದು ಸ್ವಲ್ಪ ಹೊತ್ತು ನಿಲ್ಲಲೂ ಬೇಕು. ನಿಮ್ಮ ಡಬ್ಲ್ಯೂ231 ಸೋಗೆಯ ಜಾತಿ.

ಈಗ ಎಚ್110 ಕಡಿಮೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಕೇಸ್ ಒಳಗೆ ಖಾಲಿ ಜಾಗ ಜಾಸ್ತಿಯಾಯಿತು. ಪ್ರೈಮರ್ ಸಿಡಿದಾಗ ಅದರ ಒತ್ತಡಕ್ಕೇ ಬುಲೆಟ್ ಜರುಗಲು ಶುರುವಾಗುತ್ತದೆ. ಬುಲೆಟ್ ಮುಂದೆ ಹೋದಷ್ಟೂ ಒಳಗಿನ ಜಾಗ ಇನ್ನೂ ಹಿಗ್ಗುತ್ತದೆ, ಒತ್ತಡ ಇನ್ನೂ ಇಳಿಯುತ್ತದೆ, ಮದ್ದು ಅರ್ಧ ಉರಿದು ಆರಿಹೋಗುತ್ತದೆ. ಬುಲೆಟ್ ಬ್ಯಾರಲ್ ಮಧ್ಯದಲ್ಲಿ ನಿಲ್ಲುತ್ತದೆ. ಹೊಡೆಯುವವನಿಗೆ ಸಿಕ್ಕುವುದು ಒಂದು ಪುಸ್ಸೆನ್ನುವ ಸದ್ದು ಮಾತ್ರ. ವೇಗವಾಗಿ ಹೊಡೆಯುತ್ತಿದ್ದರೆ ಅದೂ ಗಮನಕ್ಕೆ ಬರುವುದಿಲ್ಲ. ಹಿಂದೆಯೇ ಬಂದ ಪೂರ್ತಿ ಬಲದ ಇನ್ನೊಂದು ಬುಲೆಟ್ ಮೊದಲಿನದಕ್ಕೆ ಹೋಗಿ ಬಡಿದರೆ ಬ್ಯಾರಲ್ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ. ಸದ್ದು ಅಥವಾ ಒದೆತ ಒಂಚೂರು ಬೇರೆ ಅನಿಸಿದರೂ ನಿಲ್ಲಿಸಿ. ಬ್ಯಾರಲ್ ಗುರಿಯ ಕಡೆಗೇ ಹಿಡಿದು ಸ್ವಲ್ಪ ಕಾಯಿರಿ. ಆಮೇಲೆ ಸಿಲಿಂಡರ್ ಖಾಲಿ ಮಾಡಿ, ಬ್ಯಾರಲ್ ಒಳಗೆ ಕಡ್ಡಿ ಹಾಕಿ ನೋಡಿ. ರೇಂಜ್‌ನಲ್ಲಿ ಪಕ್ಕದವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಎಚ್110 ಹಾಕುವುದಾದರೆ ಮ್ಯಾಗ್ನಮ್ ಪ್ರೈಮರ್ ಬೇಕು. ಡಬ್ಲ್ಯೂ231 ಹಾಕುವುದಾದರೆ ಬೇಡ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ತೋಟಾದ ಹೆಸರಿನಲ್ಲಿ ಮ್ಯಾಗ್ನಮ್ ಇದೆ, ಪ್ರೈಮರ್ ಡಬ್ಬಿ ಮೇಲೂ ಮ್ಯಾಗ್ನಮ್ ಅಂತ ಇದೆ, ಎರಡಕ್ಕೂ ಜೋಡಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರೈಮರ್‌ಗೆ ಸಂಬಂಧ ಇರುವುದು ಪೌಡರ್ ಜೊತೆ. .357 ಕೇಸ್‌ನಲ್ಲಿ ಡಬ್ಲ್ಯೂ231 ಹಾಕಿ ಮೆತ್ತಗಿನ ಲೋಡ್ ಮಾಡಿದರೆ ನಿಮ್ಮ ಹತ್ತಿರ ಇರುವ ಸಾಮಾನ್ಯ ಪ್ರೈಮರೇ ಸರಿ. ಅಲ್ಲಿ ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಲಾಭ ಏನೂ ಇಲ್ಲ, ಒತ್ತಡ ಸುಮ್ನೆ ಏರುತ್ತದೆ. ಹಾಗಾಗಿ ಮೊದಲು ಈ ತೋಟಾ ಯಾವುದಕ್ಕೆ ಅಂತ ತೀರ್ಮಾನಿಸಿ. ಅದರಿಂದ ಬುಲೆಟ್ಟಿನ ತೂಕ, ಅದರಿಂದ ಪೌಡರ್. ಅಲ್ಲಿಗೆ ಬಂದ ಮೇಲೆ ಯಾವ ಪ್ರೈಮರ್ ಎಂಬುದನ್ನು ಲೋಡಿಂಗ್ ಕೈಪಿಡಿಯ ಅದೇ ಪುಟ ಹೇಳಿರುತ್ತದೆ. ಪ್ರೈಮರ್ ಕೈಯಲ್ಲಿ ಹಿಡಿದು ಅದಕ್ಕೆ ಪೌಡರ್ ಹುಡುಕುವುದು ತಿರುಗುಮುರುಗಾದ ಕೆಲಸ. 2020ರ ಆಮೇಲೆ ಅಮೆರಿಕದಲ್ಲಿ ಪ್ರೈಮರ್ ಸಿಗದೆ ಜನ ಪರದಾಡಿದಾಗ ಬಹಳಷ್ಟು ಮಂದಿ ಹೀಗೇ ಮಾಡಿದರು.

ಮ್ಯಾಗ್ನಮ್ ಪ್ರೈಮರ್‌ನಲ್ಲಿ ಬೇರೆ ಏನಿದೆ ಎಂದರೆ ಸಿಡಿಮದ್ದು ಜಾಸ್ತಿ, ಅಥವಾ ಅದರ ಮಿಶ್ರಣ ಬೇರೆ. ಹೊರಡುವ ಜ್ವಾಲೆ ಹೆಚ್ಚು ಬಿಸಿ, ಹೆಚ್ಚು ಹೊತ್ತು ಇರುತ್ತದೆ. ಅಳತೆ ಮಾತ್ರ ಅದೇ. ಅಂಗಡಿಯಲ್ಲಿ ಕೇಳುವಾಗ ನಂಬರ್ ಗೊತ್ತಿರಲಿ. ಸಣ್ಣ ಪಿಸ್ಟಲ್ ಪ್ರೈಮರ್‌ಗಳಲ್ಲಿ ಸಿಸಿಐ ಕಂಪನಿಯ 500 ಸಾಮಾನ್ಯದ್ದು, 550 ಮ್ಯಾಗ್ನಮ್. ಫೆಡರಲ್ ಕಂಪನಿಯಲ್ಲಿ ಅದೇ ಕ್ರಮದಲ್ಲಿ 100 ಮತ್ತು 200. .44ಕ್ಕೆ ದೊಡ್ಡ ಪ್ರೈಮರ್ ಬೇಕು. ಸಿಸಿಐ 300 ಸಾಮಾನ್ಯ, 350 ಮ್ಯಾಗ್ನಮ್. ಫೆಡರಲ್‌ನಲ್ಲಿ 150 ಮತ್ತು 155. ವಿಂಚೆಸ್ಟರ್‌ನ ಡಬ್ಲ್ಯೂಎಲ್‌ಪಿ ಸ್ವಲ್ಪ ಬೇರೆ ಗಿರಾಕಿ. ಅದರ ಡಬ್ಬಿಯ ಮೇಲೇ ಸಾಮಾನ್ಯ ಮತ್ತು ಮ್ಯಾಗ್ನಮ್ ಎರಡೂ ಲೋಡ್‌ಗಳಿಗೆ ಅಂತ ಬರೆದಿರುತ್ತದೆ. .44 ಒಂದನ್ನೇ ಲೋಡ್ ಮಾಡುವವರಿಗೆ ಅದು ಅನುಕೂಲ. ರಿವಾಲ್ವರ್‌ನ ಟ್ರಿಗರ್ ಹಗುರ ಮಾಡಿಸಿಕೊಂಡವರು ಫೆಡರಲ್ ಕಡೆ ವಾಲುತ್ತಾರೆ. ಅದರ ಬಟ್ಟಲು ಮೆದು, ಹಗುರ ಏಟಿಗೂ ಸಿಡಿಯುತ್ತದೆ. ಸಿಸಿಐ ಸ್ವಲ್ಪ ಗಟ್ಟಿ.

ಒಂದು ಬ್ರ್ಯಾಂಡ್ ಬದಲು ಇನ್ನೊಂದು ಹಾಕಿದರೂ ಅದು ಹೊಸ ಲೋಡ್ ಅಂತಲೇ ಲೆಕ್ಕ. ಕೈಪಿಡಿಯ ಶುರುವಿನ ತೂಕಕ್ಕೆ ಹಿಂತಿರುಗಿ ಮತ್ತೆ ಮೇಲೆ ಬನ್ನಿ. ಮಧ್ಯಮ ಲೋಡ್‌ಗಳಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಗರಿಷ್ಠದ ಹತ್ತಿರ ಇದ್ದಾಗ ಕಾಣಿಸುತ್ತದೆ.

ರೈಫಲ್ ಪ್ರೈಮರ್ ವಿಷಯದಲ್ಲಿ .357ಕ್ಕೂ .44ಕ್ಕೂ ಉತ್ತರ ಬೇರೆ ಬೇರೆ. ಸಣ್ಣ ಪಿಸ್ಟಲ್ ಮತ್ತು ಸಣ್ಣ ರೈಫಲ್ ಪ್ರೈಮರ್‌ಗಳ ಅಳತೆ ಒಂದೇ, ವ್ಯಾಸ 0.175 ಇಂಚು. ಹಾಗಾಗಿ .357 ಕೇಸ್‌ನಲ್ಲಿ ರೈಫಲ್ ಪ್ರೈಮರ್ ಸಲೀಸಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಸರಿ ಅಂತ ಅಲ್ಲ. ಅದರ ಬಟ್ಟಲು ದಪ್ಪ. ಎಷ್ಟೋ ರಿವಾಲ್ವರ್‌ಗಳ ಹ್ಯಾಮರ್ ಏಟು ಅದಕ್ಕೆ ಸಾಲುವುದಿಲ್ಲ, ಕೆಲವು ಸಿಡಿಯದೆ ಉಳಿಯುತ್ತವೆ. ಸಿಡಿದವುಗಳ ಒತ್ತಡ ಎಷ್ಟು ಎಂಬುದಕ್ಕೂ ನಿಮ್ಮ ಪಿಸ್ಟಲ್ ಕೈಪಿಡಿಯಲ್ಲಿ ಅಳತೆ ಇಲ್ಲ. .44ರಲ್ಲಂತೂ ಆ ಯೋಚನೆಯೇ ಬೇಡ. ದೊಡ್ಡ ಪಿಸ್ಟಲ್ ಮತ್ತು ದೊಡ್ಡ ರೈಫಲ್ ಪ್ರೈಮರ್‌ಗಳ ವ್ಯಾಸ 0.210 ಇಂಚು, ಎರಡೂ ಒಂದೇ, ಆದರೆ ರೈಫಲ್‌ನದು ಎತ್ತರ ಜಾಸ್ತಿ. ಅದು ಕೇಸ್‌ನ ತಳದಿಂದ ಹೊರಗೆ ಉಬ್ಬಿ ನಿಲ್ಲುತ್ತದೆ. ಸಿಲಿಂಡರ್ ತಿರುಗಲು ಬಿಡುವುದಿಲ್ಲ. ಬಲವಂತವಾಗಿ ತಿರುಗಿಸಲು ಹೋದರೆ ಅಲ್ಲೇ ಸಿಡಿಯುವ ಭಯ ಬೇರೆ.

ಕೆಲವು ಮ್ಯಾಗ್ನಮ್‌ಗಳು ರೈಫಲ್ ಪ್ರೈಮರ್‌ಗೆಂದೇ ತಯಾರಾಗಿವೆ, ಅದು ಬೇರೆ ಮಾತು. .454 ಕಸಲ್‌ಗೆ ಸಣ್ಣ ರೈಫಲ್ ಪ್ರೈಮರ್. ಅದರ ಗರಿಷ್ಠ ಒತ್ತಡ 65,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಿಮ್ಮ .357ರದು 35,000, .44ರದು 36,000. ಕಸಲ್‌ನ ಒತ್ತಡಕ್ಕೆ ಪಿಸ್ಟಲ್ ಪ್ರೈಮರ್‌ನ ತೆಳು ಬಟ್ಟಲು ತೂತು ಬೀಳುತ್ತದೆ. 2003ರಲ್ಲಿ ಬಂದ .500 ಎಸ್ ಆ್ಯಂಡ್ ಡಬ್ಲ್ಯೂ ಮ್ಯಾಗ್ನಮ್‌ನ ಮೊದಮೊದಲ ಕೇಸ್‌ಗಳು ದೊಡ್ಡ ಪಿಸ್ಟಲ್ ಪ್ರೈಮರ್‌ಗೆ ಇದ್ದವು. ಆಮೇಲೆ ದೊಡ್ಡ ರೈಫಲ್ ಪ್ರೈಮರ್‌ಗೆ ಬದಲಾದವು. ಬದಲಾದ ಕೇಸ್‌ನ ತಳದಲ್ಲಿ 'ಆರ್' ಅಕ್ಷರ ಒತ್ತಿರುತ್ತದೆ. ಮುಂದೆ ಯಾರಾದರೂ ನಿಮಗೆ ಹಳೆ ಕೇಸ್ ಕೊಟ್ಟರೆ ತಳ ನೋಡದೆ ಪ್ರೈಮರ್ ಕೂರಿಸಬೇಡಿ.

ಇನ್ನು ಪೌಡರ್. ನಿಮ್ಮ ಡಬ್ಲ್ಯೂ231 ಮತ್ತು ಹಾಡ್ಜ್‌ಡನ್‌ನ ಎಚ್‌ಪಿ-38 ಒಂದೇ ಪೌಡರ್, ಡಬ್ಬಿ ಮಾತ್ರ ಬೇರೆ. ಹಾಗೆಯೇ ಎಚ್110 ಮತ್ತು ವಿಂಚೆಸ್ಟರ್ 296 ಕೂಡ ಒಂದೇ. ಒಂದು ಸಿಗದಿದ್ದರೆ ಇನ್ನೊಂದು ಕೊಳ್ಳಿ, ಅಂಗಡಿಯವನು ಎರಡನ್ನೂ ಹೊಗಳಿದರೆ ನಕ್ಕು ಸುಮ್ಮನಾಗಿ.

ಡಬ್ಲ್ಯೂ231ರಿಂದ ಈ ಎರಡೂ ತೋಟಾಗಳಲ್ಲಿ ಅಭ್ಯಾಸಕ್ಕೆ ಒಳ್ಳೆಯ ಮೆತ್ತಗಿನ ಲೋಡ್ ಬರುತ್ತದೆ. ನಿಮ್ಮ .38 ಅನುಭವಕ್ಕೆ ಹತ್ತಿರದ್ದು. ಆದರೆ ಒಂದು ವಿಷಯದಲ್ಲಿ ಮೈಯೆಲ್ಲಾ ಕಣ್ಣಾಗಿರಬೇಕು. ಸ್ವಲ್ಪವೇ ಹಾಕಬೇಕಾದ ಪೌಡರ್ ಇದು. ಉದ್ದನೆಯ ಮ್ಯಾಗ್ನಮ್ ಕೇಸ್‌ನ ತಳದಲ್ಲಿ ಇದ್ದೂ ಇಲ್ಲದ ಹಾಗೆ ಕೂತಿರುತ್ತದೆ. ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಎಚ್110 ಕೇಸ್ ತುಂಬುವಷ್ಟು ಬೇಕಾಗುವುದರಿಂದ ಎರಡನೇ ಸಲ ಹಾಕಿದರೆ ಮೇಜಿನ ಮೇಲೆಲ್ಲಾ ಹರಡಿ ತಾನೇ ಹೇಳಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಮ್ಯಾಗ್ನಮ್ ಲೋಡಿಂಗ್‌ನಲ್ಲಿ ದೊಡ್ಡ ಅಪಾಯ ಬಿಸಿ ಲೋಡ್‌ಗಳದ್ದಲ್ಲ. ಬೇಗ ಉರಿಯುವ ಪೌಡರ್ ಎರಡು ಸಲ ಬಿದ್ದ ಮೆತ್ತಗಿನ ಲೋಡ್‌ಗಳದ್ದು. ಕೇಸ್‌ಗಳನ್ನು ಬ್ಲಾಕ್‌ನಲ್ಲಿ (ಕುಳಿಗಳಿರುವ ಹಲಗೆಯಲ್ಲಿ) ಸಾಲಾಗಿ ನಿಲ್ಲಿಸಿ, ಬುಲೆಟ್ ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ನೋಡಿ. ಮಾತಾಡಿಕೊಂಡು, ಫೋನ್ ನೋಡಿಕೊಂಡು ಈ ಕೆಲಸ ಬೇಡ.

ಪೂರ್ತಿ ಬಲದ ಲೋಡ್‌ಗೆ ಎಚ್110 ಬಿಟ್ಟು ಬೇರೆ ಹುಡುಕಬೇಕಿಲ್ಲ. .357ರಲ್ಲಿ 158 ಗ್ರೇನ್ (ಗ್ರೇನ್ ಅಂದರೆ ತೂಕದ ಸಣ್ಣ ಅಳತೆ) ಬುಲೆಟ್, .44ರಲ್ಲಿ 240 ಗ್ರೇನ್ ಬುಲೆಟ್ ಜೊತೆ ಇದು ಚೆನ್ನಾಗಿ ನಡೆಯುತ್ತದೆ. ಭಾರದ ಬುಲೆಟ್ ತಡೆಯಾಗಿ ನಿಲ್ಲುತ್ತದೆ, ಒತ್ತಡ ಕಟ್ಟುತ್ತದೆ, ಮದ್ದು ಪೂರ್ತಿ ಉರಿಯುತ್ತದೆ. ಹಗುರ ಬುಲೆಟ್ ಜೊತೆ ಅಷ್ಟು ಚೆನ್ನಾಗಿರುವುದಿಲ್ಲ. ಅದರಲ್ಲೂ .357ರಲ್ಲಿ 125 ಗ್ರೇನ್‌ನ ಬಿಸಿ ಲೋಡ್‌ಗಳು ಬ್ಯಾರಲ್‌ನ ಬುಡವನ್ನು ಸವೆಸುತ್ತವೆ. ಹಳೆಯ ಸ್ಮಿತ್ ಆ್ಯಂಡ್ ವೆಸನ್ ಕೆ-ಫ್ರೇಮ್ (ಮಧ್ಯಮ ಗಾತ್ರದ ಚೌಕಟ್ಟಿನ) ರಿವಾಲ್ವರ್‌ಗಳಲ್ಲಿ ಆ ಜಾಗ ಕೆಳಗಡೆ ತೆಳುವಾಗಿದೆ. ಅಲ್ಲೇ ಬಿರುಕು ಬಿಟ್ಟ ಉದಾಹರಣೆಗಳಿವೆ. ನಿಮ್ಮ ರಿವಾಲ್ವರ್ ಯಾವುದು ಅಂತ ನೀವು ಬರೆದಿಲ್ಲ. ಕೆ-ಫ್ರೇಮ್ ಆಗಿದ್ದರೆ 158 ಗ್ರೇನ್‌ಗೇ ಅಂಟಿಕೊಳ್ಳಿ.

ಎರಡರ ನಡುವೆ ಆಡಲು ಜಾಗ ಬೇಕು ಅನ್ನುವವರಿಗೆ ಅಲಯಂಟ್ 2400 ಇದೆ. ಬರೀ ಒಂದೇ ಮ್ಯಾಗ್ನಮ್ ಪೌಡರ್ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. 1930ರ ದಶಕದಿಂದ ಇರುವ ಪೌಡರ್, ಮೊದಲು ಹರ್ಕ್ಯುಲಿಸ್ ಕಂಪನಿಯದು. ಐಡಹೋ ರಾಜ್ಯದ ಬಂದೂಕು ಲೇಖಕ ಎಲ್ಮರ್ ಕೀತ್ .44 ಸ್ಪೆಷಲ್ ಕೇಸ್‌ನಲ್ಲಿ ಇದನ್ನೇ ಹಾಕಿ ಭಾರದ ಲೋಡ್‌ಗಳನ್ನು ಮಾಡುತ್ತಿದ್ದರು. ಅವರ ಒತ್ತಾಯದ ಫಲವಾಗಿಯೇ ರೆಮಿಂಗ್ಟನ್ ಮತ್ತು ಸ್ಮಿತ್ ಆ್ಯಂಡ್ ವೆಸನ್ 1955ರ ಕೊನೆಯ ಹೊತ್ತಿಗೆ .44 ಮ್ಯಾಗ್ನಮ್ ತಂದವು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1935ರಲ್ಲಿ, .357 ಬಂದಿತ್ತು. 2400ಕ್ಕೆ ಬೆಂಕಿ ಸುಲಭವಾಗಿ ಹತ್ತುತ್ತದೆ. ಎಚ್110ಕ್ಕಿಂತ ಕೆಳಗಿನ ವೇಗಗಳಲ್ಲೂ ನಡೆಯುತ್ತದೆ. ಬಹಳ ಜನ ಸಾಮಾನ್ಯ ಪ್ರೈಮರನ್ನೇ ಹಾಕುತ್ತಾರೆ. ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದನ್ನು ಹಾಕಿ. ಕೀತ್ ಕಾಲದ ಲೋಡ್‌ಗಳು ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿವೆ. ಅವನ್ನು ಈಗಿನ ಪೌಡರ್ ಹಾಕಿ ಹಾಗೇ ನಕಲು ಮಾಡಬೇಡಿ.

ಐಎಂಆರ್ 4227, ಅಕ್ಯುರೇಟ್ ನಂ. 9, ಫಿನ್ಲೆಂಡಿನ ವಿಹ್ತಾವುವೊರಿ ಎನ್110 ಇವೂ ಇದೇ ಸಾಲಿನವು. ಸಿಕ್ಕರೆ ತಗೊಳ್ಳಬಹುದು, ಇವಕ್ಕಾಗಿ ಊರೂರು ಅಲೆಯಬೇಕಿಲ್ಲ.

ಎಷ್ಟು ಗ್ರೇನ್ ಹಾಕಬೇಕು ಅಂತ ಇಲ್ಲಿ ಬೇಕಂತಲೇ ಬರೆದಿಲ್ಲ. ಹಾಡ್ಜ್‌ಡನ್ ತನ್ನ ಲೋಡ್‌ಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತದೆ. ಬುಲೆಟ್ ಮಾಡುವ ಸ್ಪಿಯರ್, ಹಾರ್ನಡಿ ಮುಂತಾದವರ ಕೈಪಿಡಿಗಳಿವೆ. ನಿಮ್ಮದೇ ಬುಲೆಟ್ ಇರುವ ಪುಟ ತೆಗೆಯಿರಿ, ಇನ್ನೊಂದು ಕೈಪಿಡಿಯ ಜೊತೆ ತಾಳೆ ನೋಡಿ.

"ಒತ್ತಡ ಜಾಸ್ತಿಯಾದರೆ ಪ್ರೈಮರ್ ಚಪ್ಪಟೆಯಾಗುತ್ತಲ್ಲ, ನೋಡಿಕೊಂಡು ನಿಲ್ಲಿಸಿದರಾಯಿತು" ಅಂತ ನಿಮಗೆ ಯಾರಾದರೂ ಹೇಳಬಹುದು. ನಂಬಬೇಡಿ. ಅದು ರೈಫಲ್‌ನವರ ಪಾಠ. ಅಲ್ಲಿ ಒತ್ತಡ 60,000 ಪಿಎಸ್‌ಐ ಆಸುಪಾಸು ಇರುತ್ತದೆ, ಹಿತ್ತಾಳೆ ತಾನೇ ದೂರು ಹೇಳುತ್ತದೆ. ನಿಮ್ಮ ಮಿತಿ 35,000 ಆಸುಪಾಸು. ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಮಿತಿ ದಾಟಿ ಎಷ್ಟೋ ದೂರ ಬಂದಿರಬಹುದು. ಇನ್ನು ಕೆಲವು ಸಲ ಮೆದು ಬಟ್ಟಲಿನ ಪ್ರೈಮರ್ ಸಾಧಾರಣ ಲೋಡ್‌ಗೂ ಚಪ್ಪಟೆಯಾಗಿ ಸುಮ್ನೆ ಹೆದರಿಸುತ್ತದೆ. ಖಾಲಿ ಕೇಸ್ ಸಿಲಿಂಡರ್‌ನಿಂದ ಸಲೀಸಾಗಿ ಬರದೆ ಬಡಿದು ತೆಗೆಯುವ ಹಾಗಾದರೆ ಅದು ನಿಜವಾದ ಎಚ್ಚರಿಕೆ. ಅವತ್ತಿನ ಮಟ್ಟಿಗೆ ಆ ಲೋಡ್ ಮುಗಿಯಿತು. ಸಾಧ್ಯವಾದರೆ ಬುಲೆಟ್ಟಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಕೊಳ್ಳಿ. ಕೈಪಿಡಿ ಹೇಳಿದ್ದಕ್ಕಿಂತ ವೇಗ ಜಾಸ್ತಿ ಬರುತ್ತಿದ್ದರೆ ಒತ್ತಡವೂ ಜಾಸ್ತಿ ಇದೆ ಅಂತಲೇ ತಿಳಿಯಿರಿ. ಅದೇ ಉದ್ದದ ಬ್ಯಾರಲ್ ಹೋಲಿಸುತ್ತಿದ್ದೀರಾ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ.

ಕ್ರಿಂಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಎಚ್110ಕ್ಕೆ ಒಳ್ಳೆಯ ಪ್ರೈಮರ್ ಎಷ್ಟು ಮುಖ್ಯವೋ ಬಿಗಿಯಾದ ಕ್ರಿಂಪ್ ಕೂಡ ಅಷ್ಟೇ ಮುಖ್ಯ. ಬುಲೆಟ್ ಸುತ್ತ ಇರುವ ಗೀರಿಗೆ ಸರಿಯಾಗಿ ಕೇಸ್‌ನ ಬಾಯಿಯನ್ನು ಒಳಕ್ಕೆ ಮಡಚಬೇಕು. ಆಗ ಮದ್ದಿಗೆ ಬೆಂಕಿ ಹತ್ತುವ ತನಕ ಬುಲೆಟ್ ಜಗ್ಗುವುದಿಲ್ಲ. ಇನ್ನೊಂದು ಉಪಯೋಗವೂ ಇದೆ. ಮ್ಯಾಗ್ನಮ್‌ನ ಒದೆತಕ್ಕೆ ಸಿಲಿಂಡರ್‌ನಲ್ಲಿ ಉಳಿದ ತೋಟಾಗಳ ಬುಲೆಟ್‌ಗಳು ಮುಂದಕ್ಕೆ ಜಾರುತ್ತವೆ. ಜಾರಿ ಹೊರಗೆ ಬಂದರೆ ಸಿಲಿಂಡರ್ ಕಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಒಂದು ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಗುರುತು ಹಾಕಿ. ಉಳಿದವನ್ನೆಲ್ಲಾ ಹೊಡೆಯಿರಿ. ಗುರುತಿನದ್ದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದವಾಗಿದ್ದರೆ ಕ್ರಿಂಪ್ ಸಾಲದು. ಪ್ರೈಮರ್ ಕೂರಿಸಿದ ಮೇಲೆ ಕೇಸ್‌ನ ತಳದ ಮೇಲೆ ಬೆರಳು ಆಡಿಸಿ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಕೂದಲೆಳೆಯಷ್ಟು ಒಳಗೇ ಇರಬೇಕು.

ಬೆಂಚ್ ಮೇಲೆ ಒಂದು ಸಲಕ್ಕೆ ಒಂದೇ ಪೌಡರ್ ಡಬ್ಬಿ. ಕೆಲಸ ಮುಗಿದ ಕೂಡಲೇ ಉಳಿದದ್ದು ಅದೇ ಡಬ್ಬಿಗೆ ವಾಪಸ್. ಡಬ್ಲ್ಯೂ231 ಮತ್ತು ಎಚ್110 ಎರಡೂ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ ಥರದ ಕಪ್ಪು ಪುಡಿ. ಎಚ್110ರ ತೂಕದಲ್ಲಿ 231 ಬಿದ್ದರೆ ರಿವಾಲ್ವರ್ ಉಳಿಯುವುದಿಲ್ಲ, ಕೈಯೂ ಉಳಿಯಲಿಕ್ಕಿಲ್ಲ. ಪ್ರೈಮರ್‌ಗಳನ್ನು ಗಾಜಿನ ಬಾಟಲಿಗೆ ಸುರಿದಿಡಬೇಡಿ. ಒಂದು ಸಿಡಿದರೆ ಅಷ್ಟೂ ಸಿಡಿಯುತ್ತವೆ. ಅವು ಬರುವ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸುವುದು ಇದಕ್ಕೇ. ಅಮೆರಿಕದ ಅಗ್ನಿ ಸುರಕ್ಷೆಯ ಎನ್‌ಎಫ್‌ಪಿಎ 495 ನಿಯಮದಲ್ಲಿ ಮನೆಯಲ್ಲಿ ಇಡುವ ಪ್ರೈಮರ್‌ಗೆ 10,000ದ ಮಿತಿ ಇದೆ. ಪೌಡರ್ 20 ಪೌಂಡ್‌ವರೆಗೆ ಅದರದೇ ಡಬ್ಬಿಗಳಲ್ಲಿ ಇಡಬಹುದು. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು, ವಿಚಾರಿಸಿ.

ನಿಮ್ಮ ಹತ್ತಿರ ಗ್ರೀನ್ ಕಾರ್ಡ್ ಇದೆ, ಸರಿ. ಇದನ್ನು ಓದುವ ಎಷ್ಟೋ ಕನ್ನಡಿಗರು ಅಲ್ಲಿ ಎಚ್-1ಬಿ ಥರದ ವೀಸಾದಲ್ಲಿ ಇರುತ್ತಾರೆ. ಅಂಥವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ. ಸ್ನೇಹಿತರು ಮಾಡುತ್ತಾರೆ ಅಂತ ಶುರು ಮಾಡುವ ಮೊದಲು ವಕೀಲರನ್ನು ಕೇಳಬೇಕು.

ಊರಿಗೆ ಖಾಲಿ ಕೇಸ್ ತರುವುದು ಬೇಡವೇ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಅದರ ಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಅದರಲ್ಲಿ ಸೇರುತ್ತವೆ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗೂ ಇಲ್ಲ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಬಂದೂಕು ಇಟ್ಟುಕೊಳ್ಳುವ ವಿಷಯದ್ದು. ನಿಮ್ಮ ಲೋಡಿಂಗ್ ಸಾಮಾನು, ಪ್ರೆಸ್ ಆಗಲಿ ಡೈ ಆಗಲಿ, ಅರಿಜೋನಾದಲ್ಲೇ ಇರಲಿ. ಅಣ್ಣನಿಗೆ ಫೋಟೋ ತೋರಿಸಿ. ಇನ್ನೊಂದು ಮಾತು. ರೇಂಜ್‌ಗೆ ಒಯ್ಯುವ ಬ್ಯಾಗನ್ನೇ ಊರಿಗೆ ತಂದು, ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾದಿಂದ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸ್ ಹಾಕಿಸಿಕೊಂಡವರಿದ್ದಾರೆ. ಪ್ರಯಾಣಕ್ಕೆ ಬೇರೆ ಬ್ಯಾಗ್ ಇಟ್ಟುಕೊಳ್ಳಿ.